ಮೂರು ಸ್ಲೈಡರ್, ಒಂದು ಬಣ್ಣ: ಪೈಥಾನ್‌ನಲ್ಲಿ ಮೊದಲ ಡೆಸ್ಕ್‌ಟಾಪ್ ವಿಂಡೋ ಕಟ್ಟುವ ಬಗೆ

ಕಟ್ಟಲಿರುವುದು ಬಣ್ಣ ಬೆರೆಸುವ ಒಂದು ಪುಟ್ಟ ವಿಂಡೋ. ಕೆಂಪು, ಹಸಿರು, ನೀಲಿಗೆ ತಲಾ ಒಂದು ಸ್ಲೈಡರ್. ಪ್ರತಿಯೊಂದೂ 0ಯಿಂದ 255ರವರೆಗೆ ಓಡುತ್ತದೆ. ಕೆಳಗೆ ಆ ಮೂರೂ ಬೆರೆತು ಬಂದ ಬಣ್ಣದ ಪಟ್ಟಿ. ಅದರಡಿ ಬಣ್ಣದ ಕೋಡ್ ತೋರಿಸುವ ಪೆಟ್ಟಿಗೆ, ಬೇಕಿದ್ದರೆ ಅಲ್ಲೇ ಹೊಸ ಕೋಡ್ ಬರೆಯಲೂಬಹುದು. ಪಕ್ಕದಲ್ಲಿ ‘ನಕಲಿಸು’ ಬಟನ್. ಎಲ್ಲ ಸೇರಿ ನೂರು ಸಾಲು ದಾಟುವುದಿಲ್ಲ. ಆದರೂ ಎಳೆಯುವುದು, ಬರೆಯುವುದು, ಒತ್ತುವುದು ಮೂರೂ ಇದರಲ್ಲಿ ಬರುತ್ತವೆ. ಜೊತೆಗೆ, ಒಂದೇ ಮೌಲ್ಯ ನಾಲ್ಕು ಕಡೆ ಕಾಣಿಸಬೇಕಾದ ಸಂಕಟವೂ ಬರುತ್ತದೆ. ಹೊಸಬರ ವಿಂಡೋಗಳು ಕೆಡುವುದು ಹೆಚ್ಚಾಗಿ ಇಲ್ಲೇ: ಸ್ಲೈಡರ್ ಒಂದು ಹೇಳುತ್ತದೆ, ಪೆಟ್ಟಿಗೆ ಇನ್ನೊಂದು ಹೇಳುತ್ತದೆ.

ಒಂದು ಮಾತು ಮೊದಲೇ. ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಲೇಬಲ್, ಬಟನ್, ಸ್ಕೇಲ್, ಎಂಟ್ರಿಯಂಥ ಕಂಟ್ರೋಲ್‌ಗಳ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತದೆ. ಗ್ರಿಡ್, ಆಫ್ಟರ್, ಮೇನ್‌ಲೂಪ್‌ನಂಥ ಕೆಲಸಗಳ ಹೆಸರು ಪೂರ್ತಿ ಸಣ್ಣಕ್ಷರ.

ಸಲಕರಣೆ

ಬಳಸುವುದು ಪೈಥಾನ್ 3 ಮತ್ತು ಅದರ ಜೊತೆಗೇ ಬರುವ, ವಿಂಡೋ ಕಟ್ಟುವ ಗ್ರಂಥಾಲಯ ಟಿಕಿಂಟರ್. ಟಿಕಿಂಟರ್‌ನ ಕೆಳಗಿರುವ ಟಿಕೆ ಎಂಬ ಪರಿಕರವನ್ನು ಜಾನ್ ಔಸ್ಟರ್‌ಹೌಟ್ 1990ರ ಆಸುಪಾಸಿನಲ್ಲಿ ತಮ್ಮ ಟಿಸಿಎಲ್ ಭಾಷೆಗಾಗಿ ಬರೆದರು. ಹಳೆಯದು, ನಿಜ. ಆದರೆ ಬೇರೇನೂ ಇಳಿಸಿಕೊಳ್ಳದೆ ಹತ್ತು ನಿಮಿಷದಲ್ಲಿ ವಿಂಡೋ ನಿಲ್ಲಿಸಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಇಲ್ಲಿ ಕಲಿತ ಕ್ರಮ ಮುಂದೆ ಇಂಥವೇ ಬೇರೆ ಪರಿಕರಗಳಾದ ಕ್ಯೂಟಿಗೆ ಹೋದರೂ ಜಿಟಿಕೆಗೆ ಹೋದರೂ ಹಾಗೇ ನಡೆಯುತ್ತದೆ.

ಟಿಕಿಂಟರ್ ಇದೆಯೋ ಇಲ್ಲವೋ ನೋಡಲು ಟರ್ಮಿನಲ್‌ನಲ್ಲಿ ‘ಪೈಥಾನ್ -ಎಂ ಟಿಕಿಂಟರ್’ ಎಂದು ಓಡಿಸಿ. ಆವೃತ್ತಿ ಸಂಖ್ಯೆ ತೋರಿಸುವ ಚಿಕ್ಕ ವಿಂಡೋ ತೆರೆಯಬೇಕು. ಅದರಲ್ಲಿ ‘ಕ್ಲಿಕ್ ಮಿ’ ಎಂಬ ಬಟನ್ ಇರುತ್ತದೆ, ಒತ್ತಿದಷ್ಟು ಸಲ ಅದರ ಸುತ್ತ ಒಂದೊಂದು ಜೊತೆ ಚೌಕ ಕಂಸ ಬೆಳೆಯುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ‘ಟಿಸಿಎಲ್/ಟಿಕೆ’ ಆಯ್ಕೆಯ ಗುರುತು ತೆಗೆದಿರದಿದ್ದರೆ ಸಾಕು. ಉಬುಂಟು, ಡೆಬಿಯನ್‌ಗಳಲ್ಲಿ ಇದು ಬೇರೆ ಪೊಟ್ಟಣ: ‘ಪೈಥಾನ್3-ಟಿಕೆ’. ಫೆಡೋರಾದಲ್ಲಿ ‘ಪೈಥಾನ್3-ಟಿಕಿಂಟರ್’. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಪೈಥಾನ್ ಹಾಕಿದ್ದರೆ ‘ಪೈಥಾನ್-ಟಿಕೆ’.

ಫೈಲಿಗೆ ಯಾವ ಹೆಸರನ್ನಾದರೂ ಇಡಿ, ‘ಟಿಕಿಂಟರ್’ ಎಂದು ಮಾತ್ರ ಇಡಬೇಡಿ. ಇಟ್ಟರೆ ಪೈಥಾನ್ ಅಸಲಿ ಗ್ರಂಥಾಲಯವನ್ನು ಬಿಟ್ಟು ನಿಮ್ಮ ಫೈಲನ್ನೇ ತಂದುಕೊಂಡು, ‘ಟಿಕೆ ಎಂಬುದು ಇದರಲ್ಲಿಲ್ಲ’ ಎಂದು ದೂರುತ್ತದೆ. ಈ ತಪ್ಪು ಮಾಡದವರು ಕಡಿಮೆ.

ಕಾಗದದ ಮೇಲೆ ಮೊದಲು

ಕೋಡ್‌ಗೆ ಮುಂಚೆ ಒಂದು ಹಾಳೆಯಲ್ಲಿ ಚೌಕಳಿ ಗೀಚಿ. ನಮಗೆ ಬೇಕಾದದ್ದು ಮೂರು ಕಾಲಮ್, ಐದು ಸಾಲು. ಮೊದಲ ಮೂರು ಸಾಲಿನಲ್ಲಿ ಎಡಕ್ಕೆ ಬಣ್ಣದ ಹೆಸರು, ನಡುವೆ ಸ್ಲೈಡರ್, ಬಲಕ್ಕೆ ಅಂಕಿ. ನಾಲ್ಕನೆಯ ಸಾಲು ಪೂರ್ತಿ ಬಣ್ಣದ ಪಟ್ಟಿ. ಐದನೆಯದರಲ್ಲಿ ಎಡದ ಎರಡು ಕಾಲಮ್‌ಗೆ ಕೋಡ್ ಪೆಟ್ಟಿಗೆ, ಬಲಕ್ಕೆ ಬಟನ್. ಟಿಕೆಯ ‘ಗ್ರಿಡ್’ ಲೆಕ್ಕ ಸೊನ್ನೆಯಿಂದ ಶುರು, ಹಾಗಾಗಿ ಸಾಲುಗಳು 0ಯಿಂದ 4, ಕಾಲಮ್‌ಗಳು 0ಯಿಂದ 2.

ಈ ಗೀಚಿನಲ್ಲಿ ಇನ್ನೊಂದನ್ನೂ ಗುರುತಿಸಿಕೊಳ್ಳಿ: ವಿಂಡೋ ಎಳೆದು ದೊಡ್ಡದು ಮಾಡಿದಾಗ ಯಾವುದು ಹಿಗ್ಗಬೇಕು? ಅಡ್ಡಕ್ಕೆ ಸ್ಲೈಡರ್ ಕಾಲಮ್, ಉದ್ದಕ್ಕೆ ಬಣ್ಣದ ಪಟ್ಟಿ. ಉಳಿದದ್ದೆಲ್ಲ ಇದ್ದಲ್ಲೇ ಇರಬೇಕು. ಇದನ್ನು ಮೊದಲೇ ತೀರ್ಮಾನಿಸದವರು ಕೊನೆಗೆ ವಿಂಡೋ ಹಿಗ್ಗದಂತೆ ಬೀಗ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಖಾಲಿ ವಿಂಡೋ

ಟಿಕಿಂಟರನ್ನು ‘ಟಿಕೆ’ ಎಂಬ ಅಡ್ಡಹೆಸರಿನಲ್ಲೂ, ಅದರೊಳಗಿನ ‘ಟಿಟಿಕೆ’ಯನ್ನು ಬೇರೆಯಾಗಿಯೂ ಆಮದು ಮಾಡಿಕೊಳ್ಳಿ. ನಕ್ಷತ್ರ ಹಾಕಿ ಎಲ್ಲವನ್ನೂ ಒಟ್ಟಿಗೆ ಎಳೆದುಕೊಳ್ಳಬೇಡಿ. ಎರಡರಲ್ಲೂ ಬಟನ್ ಇದೆ, ಲೇಬಲ್ ಇದೆ, ಸ್ಕೇಲ್ ಇದೆ. ನಂತರ ಬಂದದ್ದು ಮೊದಲು ಬಂದದ್ದನ್ನು ಮುಚ್ಚಿಹಾಕುತ್ತದೆ. ಆಮೇಲೆ ಬಟನ್‌ಗೆ ‘ಬಿಜಿ’ ಎಂದು ಹಿನ್ನೆಲೆ ಬಣ್ಣ ಕೊಟ್ಟಾಗ ‘ಗೊತ್ತಿಲ್ಲದ ಆಯ್ಕೆ’ ಎಂಬ ದೋಷ ಬಂದರೆ ಯಾವ ಬಟನ್ ಯಾರದು ಎಂದು ಹುಡುಕುತ್ತಾ ಕೂರಬೇಕಾಗುತ್ತದೆ. ಟಿಟಿಕೆಯ ಕಂಟ್ರೋಲ್‌ಗಳು ಆಯಾ ಕಾರ್ಯಾಚರಣೆ ವ್ಯವಸ್ಥೆಯ ಚಹರೆಗೆ ಹೊಂದಿಕೊಳ್ಳುತ್ತವೆ, ಬಣ್ಣ ಬದಲಿಸಲು ಅವಕ್ಕೆ ‘ಸ್ಟೈಲ್’ ಬೇಕು. ನಮ್ಮ ನಿಯಮ ಸರಳ: ಎಲ್ಲವೂ ಟಿಟಿಕೆಯದು, ಬಣ್ಣದ ಪಟ್ಟಿ ಮಾತ್ರ ಹಳೆಯ ಟಿಕೆಯ ಲೇಬಲ್.

ಮುಂದಿನ ಹೆಜ್ಜೆಗಳು ಹೀಗೆ:

1. ‘ರೂಟ್ = ಟಿಕೆ.ಟಿಕೆ()’ ಎಂದು (ಚುಕ್ಕಿಯ ನಂತರದ ‘ಟಿ’ ದೊಡ್ಡಕ್ಷರ) ಮುಖ್ಯ ವಿಂಡೋ ಮಾಡಿ, ‘ಟೈಟಲ್’ ಕೊಡಿ. ಇಡೀ ಪ್ರೋಗ್ರಾಮ್‌ನಲ್ಲಿ ಈ ಸಾಲು ಒಂದೇ ಸಲ ಬರಬೇಕು. ಎರಡನೆಯ ವಿಂಡೋ ಬೇಕಾದರೆ ‘ಟಾಪ್‌ಲೆವೆಲ್’ ಇದೆ. ಎರಡು ರೂಟ್ ಮಾಡಿದರೆ ಒಳಗೆ ಎರಡು ಬೇರೆ ಬೇರೆ ಟಿಸಿಎಲ್ ಓಡುತ್ತವೆ. ಒಂದರ ವೇರಿಯಬಲ್ ಇನ್ನೊಂದಕ್ಕೆ ಕಾಣುವುದಿಲ್ಲ, ಪೆಟ್ಟಿಗೆ ಸುಮ್ಮನೆ ಖಾಲಿ ಇರುತ್ತದೆ, ದೋಷವೂ ಬರುವುದಿಲ್ಲ.

2. ರೂಟ್‌ನೊಳಗೆ ‘ಪ್ಯಾಡಿಂಗ್’ 12 ಇರುವ ಒಂದು ಟಿಟಿಕೆ ಫ್ರೇಮ್ ಹರಡಿ. ಮಿಕ್ಕೆಲ್ಲ ಕಂಟ್ರೋಲ್‌ಗಳು ಈ ಫ್ರೇಮ್‌ನೊಳಗೆ. ಫ್ರೇಮ್ ಹಾಕದೆ ನೇರ ರೂಟ್ ಮೇಲೆ ಇಟ್ಟರೆ ಕೆಲವು ವ್ಯವಸ್ಥೆಗಳಲ್ಲಿ ವಿಂಡೋದ ಹಿನ್ನೆಲೆ ಒಂದು ಬಣ್ಣ, ಕಂಟ್ರೋಲ್‌ಗಳ ಹಿನ್ನೆಲೆ ಇನ್ನೊಂದು ಬಣ್ಣವಾಗಿ ತೇಪೆ ಹಾಕಿದಂತೆ ಕಾಣುತ್ತದೆ.

3. ಕೊನೆಯ ಸಾಲಾಗಿ ‘ರೂಟ್.ಮೇನ್‌ಲೂಪ್()’ ಬರೆಯಿರಿ. ಓಡಿಸಿ ನೋಡಿ.

ಈ ಮೇನ್‌ಲೂಪ್‌ನ ಸ್ವಭಾವ ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ. ಸಾಮಾನ್ಯ ಪ್ರೋಗ್ರಾಮ್ ಮೇಲಿನಿಂದ ಕೆಳಗೆ ಓಡಿ ಮುಗಿಯುತ್ತದೆ. ವಿಂಡೋ ಪ್ರೋಗ್ರಾಮ್ ಈ ಸಾಲಿಗೆ ಬಂದು ನಿಂತುಬಿಡುತ್ತದೆ: ಮೌಸ್ ಅಲುಗಿತೇ, ಕೀ ಒತ್ತಿದರೇ, ವಿಂಡೋ ಹಿಗ್ಗಿತೇ ಎಂದು ಕಾಯುತ್ತದೆ, ಏನಾದರೂ ಆದಾಗ ನೀವು ಹೇಳಿಟ್ಟ ಫಂಕ್ಷನ್ ಕರೆದು, ಅದು ಮುಗಿದ ಮೇಲೆ ಮತ್ತೆ ಕಾಯಲು ಮರಳುತ್ತದೆ. ನಿಮ್ಮ ಫಂಕ್ಷನ್ ಐದು ಸೆಕೆಂಡ್ ತೆಗೆದುಕೊಂಡರೆ ಆ ಐದು ಸೆಕೆಂಡ್ ವಿಂಡೋ ಬಿಡಿಸುವವರೂ ಇಲ್ಲ, ಕ್ಲಿಕ್ ಕೇಳುವವರೂ ಇಲ್ಲ.

ಕಂಟ್ರೋಲ್‌ಗಳನ್ನು ಕೂರಿಸುವುದು

ಪ್ರತಿ ಕಂಟ್ರೋಲ್‌ಗೆ ಎರಡು ಹೆಜ್ಜೆ: ಮೊದಲು ಸೃಷ್ಟಿ, ಆಮೇಲೆ ‘ಗ್ರಿಡ್’ ಕರೆದು ಜಾಗ. ಇವೆರಡನ್ನು ಒಂದೇ ಸಾಲಿನಲ್ಲಿ ಪೋಣಿಸಿ ಹೆಸರಿಗೆ ಕಟ್ಟಿದರೆ ಆ ಹೆಸರಿನಲ್ಲಿ ಕಂಟ್ರೋಲ್ ಇರುವುದಿಲ್ಲ, ‘ನನ್’ ಇರುತ್ತದೆ. ಏಕೆಂದರೆ ಗ್ರಿಡ್ ಏನನ್ನೂ ಹಿಂತಿರುಗಿಸುವುದಿಲ್ಲ. ವಿಂಡೋದಲ್ಲಿ ಲೇಬಲ್ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಅದರ ಅಕ್ಷರ ಬದಲಿಸಲು ಹೋದಾಗ ‘ನನ್‌ಟೈಪ್‌ಗೆ ಇಂಥದ್ದಿಲ್ಲ’ ಎಂದು ಎಡವುತ್ತದೆ. ಆದ್ದರಿಂದ ಎರಡು ಸಾಲಾಗಿಯೇ ಬರೆಯಿರಿ.

ಸ್ಲೈಡರ್‌ಗೆ ಟಿಟಿಕೆಯ ‘ಸ್ಕೇಲ್’: ‘ಫ್ರಮ್’ 0 (ಪೈಥಾನ್‌ನಲ್ಲಿ ಈ ಪದ ಈಗಾಗಲೇ ಕಾಯ್ದಿಟ್ಟದ್ದರಿಂದ ಕೊನೆಗೊಂದು ಅಡಿಗೆರೆ ಸೇರಿಸಬೇಕು), ‘ಟು’ 255, ‘ಲೆಂತ್’ 300. ಈ 300 ಸುಮ್ಮನೆ ಹಾಕಿದ್ದಲ್ಲ. ಏನೂ ಹೇಳದಿದ್ದರೆ ಸ್ಕೇಲ್‌ನ ಉದ್ದ 100 ಪಿಕ್ಸೆಲ್. ಅಷ್ಟರಲ್ಲಿ 256 ಮೌಲ್ಯ ತುರುಕಿದರೆ ಮೌಸ್ ಒಂದು ಪಿಕ್ಸೆಲ್ ಅಲುಗಿದಾಗ ಅಂಕಿ ಎರಡು ಮೂರು ಹಾರುತ್ತದೆ, 127 ಬೇಕೆಂದವರಿಗೆ 126 ಅಥವಾ 129 ಸಿಗುತ್ತದೆ. ಹಿಡಿಯ ಅಗಲ ಕಳೆದೂ 256 ಪಿಕ್ಸೆಲ್ ಉಳಿಯಲು 300 ಬೇಕು. ಟ್ಯಾಬ್ ಒತ್ತಿ ಸ್ಲೈಡರ್‌ಗೆ ಬಂದರೆ ಬಾಣದ ಕೀಗಳಿಂದ ಒಂದೊಂದೇ ಏರಿಸಿ ಇಳಿಸಬಹುದು.

ಬಲಗಡೆಯ ಅಂಕಿ ಲೇಬಲ್‌ಗೆ ‘ವಿಡ್ತ್’ 3, ‘ಆಂಕರ್’ ಪೂರ್ವ ದಿಕ್ಕು ಎಂದು ಕೊಡಿ. ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಮಾಡಿಯೇ ನೋಡಬೇಕು: ಎಳೆಯುತ್ತಿದ್ದಂತೆ 9 ಹೋಗಿ 10 ಬಂದಾಗ, 99 ಹೋಗಿ 100 ಬಂದಾಗ ಲೇಬಲ್ ಅಗಲವಾಗುತ್ತದೆ, ಅದಕ್ಕೆ ಜಾಗ ಬಿಡಲು ಪಕ್ಕದ ಕಾಲಮ್ ಸರಿಯುತ್ತದೆ, ಬೆರಳಡಿಯ ಸ್ಲೈಡರ್ ಗಡಗಡ ನಡುಗುತ್ತದೆ. ನೋಡಿದವರಿಗೆ ಸ್ಲೈಡರೇ ಕೆಟ್ಟಿದೆ ಅನಿಸುತ್ತದೆ. ತಪ್ಪು ಪಕ್ಕದ ಲೇಬಲ್‌ನದು.

ಬಣ್ಣದ ಪಟ್ಟಿಗೆ ಟಿಕೆ ಲೇಬಲ್, ‘ಹೈಟ್’ 6. ಲೇಬಲ್‌ನಲ್ಲಿ ಎತ್ತರದ ಅಳತೆ ಪಿಕ್ಸೆಲ್ ಅಲ್ಲ, ಅಕ್ಷರದ ಸಾಲು. ಅಗಲದ್ದು ಅಕ್ಷರಗಳ ಎಣಿಕೆ. 200 ಎಂದು ಬರೆದು ಪರದೆಯಿಂದಾಚೆ ಹೋದ ವಿಂಡೋ ನೋಡಿ ಗಾಬರಿಯಾಗುವುದು ಮಾಮೂಲಿ. ಈ ಪಟ್ಟಿಗೆ ‘ಕಾಲಮ್‌ಸ್ಪ್ಯಾನ್’ 3 ಕೊಡಿ.

ಇನ್ನು ಹಿಗ್ಗುವಿಕೆ. ಇದಕ್ಕೆ ಎರಡು ಬೇರೆ ಬೇರೆ ಆಜ್ಞೆ ಬೇಕು, ಒಂದಿದ್ದು ಇನ್ನೊಂದಿಲ್ಲದಿದ್ದರೆ ಏನೂ ಆಗುವುದಿಲ್ಲ. ‘ಕಾಲಮ್‌ಕಾನ್ಫಿಗರ್’ನಲ್ಲಿ ಕಾಲಮ್ 1ಕ್ಕೆ ‘ವೇಯ್ಟ್’ 1 ಕೊಟ್ಟಾಗ ಹೆಚ್ಚುವರಿ ಜಾಗ ಆ ಕಾಲಮ್‌ಗೆ ಸೇರುತ್ತದೆ. ಆದರೆ ಕಾಲಮ್ ಹಿಗ್ಗಿದ ಮಾತ್ರಕ್ಕೆ ಒಳಗಿನ ಸ್ಲೈಡರ್ ಹಿಗ್ಗದು, ನಡುಮಧ್ಯೆ ತೇಲುತ್ತಾ ನಿಲ್ಲುತ್ತದೆ. ಅದು ಎರಡೂ ಗೋಡೆಗೆ ಅಂಟಬೇಕಾದರೆ ಗ್ರಿಡ್ ಕರೆಯುವಾಗ ‘ಸ್ಟಿಕಿ’ಗೆ ಪೂರ್ವ ಪಶ್ಚಿಮ ಎಂಬ ದಿಕ್ಕುಗಳ ಇಂಗ್ಲಿಷ್ ಮೊದಲಕ್ಷರ ಕೊಡಬೇಕು. ಹಾಗೆಯೇ ಸಾಲು 3ಕ್ಕೆ ವೇಯ್ಟ್ 1, ಬಣ್ಣದ ಪಟ್ಟಿಗೆ ನಾಲ್ಕೂ ದಿಕ್ಕಿನ ಸ್ಟಿಕಿ. ಇಷ್ಟೆಲ್ಲ ಮಾಡಿಯೂ ಹಿಗ್ಗದಿದ್ದರೆ ರೂಟ್ ನೋಡಿ: ಫ್ರೇಮ್ ಕೂತಿರುವ ರೂಟ್‌ನ ಸಾಲು 0, ಕಾಲಮ್ 0ಕ್ಕೂ ವೇಯ್ಟ್ ಬೇಕು. ಎಲ್ಲರೂ ಮರೆಯುವುದು ಈ ಮೇಲಿನ ಮಜಲನ್ನೇ.

‘ಪ್ಯಾಕ್’ ಎಂಬ ಇನ್ನೊಂದು ಜೋಡಣೆ ವಿಧಾನವೂ ಇದೆ. ಒಂದೇ ಫ್ರೇಮ್‌ನೊಳಗೆ ಗ್ರಿಡ್, ಪ್ಯಾಕ್ ಎರಡನ್ನೂ ಬೆರೆಸಬೇಡಿ. ಟಿಕೆ 8.6ರಿಂದ ಈಚೆಗೆ ಇದಕ್ಕೆ ಸ್ಪಷ್ಟ ದೋಷ ಸಂದೇಶ ಬರುತ್ತದೆ. ಅದಕ್ಕೂ ಹಿಂದೆ ಎರಡೂ ಜಾಗಕ್ಕಾಗಿ ಕಿತ್ತಾಡುತ್ತಾ ವಿಂಡೋ ಎಂದೂ ತೆರೆಯದೆ ಪ್ರೋಗ್ರಾಮ್ ಸಿಕ್ಕಿಬೀಳುತ್ತಿತ್ತು.

ಮೌಲ್ಯ ಇರಬೇಕಾದ ಜಾಗ ಒಂದೇ

ಈಗ ಹೃದಯಭಾಗ. ಬಣ್ಣವನ್ನು ಯಾರು ಇಟ್ಟುಕೊಳ್ಳಬೇಕು? ಸ್ಲೈಡರ್‌ಗಳೇ? ಕೋಡ್ ಪೆಟ್ಟಿಗೆಯೇ? ಯಾರೂ ಅಲ್ಲ. ಮೂರು ಪೂರ್ಣಾಂಕಗಳಿರುವ ಒಂದು ಸಾದಾ ಡಿಕ್ಷನರಿ ಮಾಡಿ, ‘ಬಣ್ಣ’ ಎಂದು ಹೆಸರಿಡಿ. (ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇರಬಹುದು. ಆದರೆ ‘ಕೋಡ್‌ಪೆಟ್ಟಿಗೆ’ಯಂಥ ಹೆಸರು ನಡೆಯದು: ‘ಡ್’ ಆದ ಮೇಲೆ ಒತ್ತಕ್ಷರವಾಗದಂತೆ ತಡೆಯಲು ನಾವು ಒತ್ತುವ ಕಾಣದ ಅಕ್ಷರವನ್ನು ಪೈಥಾನ್ ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ಅಕ್ಷರದ ಮೇಲೆ ದೋಷ ಬಂದಾಗ ತಲೆ ಕೆಡುತ್ತದೆ, ಅಡಿಗೆರೆ ಬಳಸಿ.)

ಆಮೇಲೆ ಎರಡು ಫಂಕ್ಷನ್. ‘ಬದಲಿಸು’ ಹೊಸ ಮೌಲ್ಯವನ್ನು ಡಿಕ್ಷನರಿಗೆ ಹಾಕಿ ‘ತೋರಿಸು’ವನ್ನು ಕರೆಯುತ್ತದೆ. ‘ತೋರಿಸು’ ಡಿಕ್ಷನರಿ ನೋಡಿ ಸ್ಲೈಡರ್, ಅಂಕಿ, ಪಟ್ಟಿ, ಪೆಟ್ಟಿಗೆ ನಾಲ್ಕನ್ನೂ ಹೊಸದಾಗಿ ತುಂಬುತ್ತದೆ. ಪರದೆಯ ಮೇಲಿನ ಬಣ್ಣ ಬದಲಾಗಬೇಕಾದರೆ ಈ ಒಂದೇ ದಾರಿ. ಸ್ಲೈಡರ್ ನೇರವಾಗಿ ಪಟ್ಟಿಯನ್ನು ಮುಟ್ಟುವಂತಿಲ್ಲ, ಪೆಟ್ಟಿಗೆ ನೇರವಾಗಿ ಸ್ಲೈಡರನ್ನು ಮುಟ್ಟುವಂತಿಲ್ಲ. ಹತ್ತು ಸಾಲು ಹೆಚ್ಚು ಬರೆದಂತೆ ಅನಿಸಬಹುದು; ನಾಳೆ ಐದನೆಯ ಕಂಟ್ರೋಲ್ ಸೇರಿಸುವಾಗ ಆ ಹತ್ತು ಸಾಲು ಬೆಲೆ ಬಾಳುತ್ತವೆ.

‘ತೋರಿಸು’ವಿನೊಳಗೆ ಬಣ್ಣದ ಕೋಡ್ ತಯಾರಾಗಬೇಕು. ಹ್ಯಾಷ್ ಗುರುತು, ನಂತರ ಮೂರು ಬಣ್ಣಕ್ಕೆ ತಲಾ ಎರಡು ಸ್ಥಾನದ ಹದಿನಾರರ ಮಾನದ ಅಂಕಿ (0ಯಿಂದ 9, ಆಮೇಲೆ ಎಯಿಂದ ಎಫ್). ಕೆಂಪು 51, ಹಸಿರು 102, ನೀಲಿ 153 ಆದರೆ ಕೋಡ್ #336699. ಎಫ್-ಸ್ಟ್ರಿಂಗ್‌ನಲ್ಲಿ ಕೋಲನ್ ನಂತರ ಬರೀ ‘ಎಕ್ಸ್’ ಹಾಕದೆ ‘02ಎಕ್ಸ್’ ಹಾಕಿ, ಎರಡು ಸ್ಥಾನ ತುಂಬದಿದ್ದರೆ ಎಡಕ್ಕೆ ಸೊನ್ನೆ ಬರಲಿ ಎಂದು. ಸೊನ್ನೆ ಬಿಟ್ಟರೆ 5, 102, 153ಕ್ಕೆ #56699 ಎಂಬ ಐದಂಕಿ ಬಂದು ಟಿಕೆ ತಕ್ಷಣ ಕೂಗುತ್ತದೆ, ಅದು ಒಳ್ಳೆಯದೇ. ಕೆಟ್ಟದ್ದೆಂದರೆ 5, 6, 9. ಅದು #569 ಆಗುತ್ತದೆ, ಮೂರಂಕಿ ಕೋಡ್ ಟಿಕೆಗೆ ಸಿಂಧು, ಹೀಗಾಗಿ ಹೆಚ್ಚುಕಡಿಮೆ ಕಪ್ಪಾಗಿರಬೇಕಾದ ಪಟ್ಟಿ ಯಾವ ದೂರೂ ಇಲ್ಲದೆ ಬೂದು ನೀಲಿಯಾಗಿ ಹೊಳೆಯುತ್ತದೆ.

ಪಟ್ಟಿಯ ಮೇಲೆ ಕೋಡನ್ನೂ ಬರೆಯುವುದಾದರೆ ಅಕ್ಷರ ಕಪ್ಪೋ ಬಿಳಿಯೋ ಎಂಬ ಪ್ರಶ್ನೆ ಬರುತ್ತದೆ. ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ, ನೀಲಿ ಕಡಿಮೆ ಬೆಳಕಾಗಿ ಕಾಣುವುದರಿಂದ ಮೂರರ ಸರಾಸರಿ ಸಾಲದು. ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿ. ಮೊತ್ತ 128ಕ್ಕಿಂತ ಹೆಚ್ಚಾದರೆ ಕಪ್ಪು ಅಕ್ಷರ, ಇಲ್ಲವಾದರೆ ಬಿಳಿ. ಅಚ್ಚ ಹಳದಿಗೆ ಸುಮಾರು 226 ಬರುತ್ತದೆ, ಅಚ್ಚ ನೀಲಿಗೆ 29.

ಸ್ಲೈಡರ್‌ಗೆ ಜೀವ

ಸ್ಕೇಲ್‌ನ ‘ಕಮಾಂಡ್’ಗೆ ಒಂದು ಫಂಕ್ಷನ್ ಕೊಟ್ಟರೆ ಎಳೆದಾಗಲೆಲ್ಲ ಅದು ಓಡುತ್ತದೆ. ಕೊಡಬೇಕಾದದ್ದು ಫಂಕ್ಷನ್‌ನ ಹೆಸರು ಮಾತ್ರ. ಹೆಸರಿನ ನಂತರ ಕಂಸ ಹಾಕಿದರೆ ಆ ಕ್ಷಣವೇ, ವಿಂಡೋ ತೆರೆಯುವ ಮುಂಚೆಯೇ, ಅದು ಓಡಿ ಮುಗಿದು ಅದರ ಫಲ ಕಮಾಂಡ್‌ಗೆ ಸೇರುತ್ತದೆ. ಬಟನ್ ವಿಷಯದಲ್ಲೂ ಇದೇ ಕತೆ: ‘ತೆರೆದ ಕೂಡಲೇ ಒಂದು ಸಲ ಕೆಲಸ ಮಾಡಿತು, ಆಮೇಲೆ ಒತ್ತಿದರೆ ಏನೂ ಇಲ್ಲ’ ಎಂಬ ದೂರು ಬಂದರೆ ಕಂಸ ಹುಡುಕಿ.

ಮೂರು ಸ್ಲೈಡರನ್ನು ಲೂಪ್‌ನಲ್ಲಿ ಸೃಷ್ಟಿಸಿ ಪ್ರತಿಯೊಂದಕ್ಕೂ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಡುವುದು ಸಹಜ. ಆಗ ಯಾವ ಸ್ಲೈಡರ್ ಎಳೆದರೂ ನೀಲಿಯೇ ಬದಲಾಗುತ್ತದೆ. ಲ್ಯಾಂಬ್ಡಾ ಲೂಪ್‌ನ ವೇರಿಯಬಲನ್ನು ಸೃಷ್ಟಿಯಾಗುವಾಗ ನೋಡುವುದಿಲ್ಲ, ಕರೆದಾಗ ನೋಡುತ್ತದೆ. ಅಷ್ಟರಲ್ಲಿ ಲೂಪ್ ಮುಗಿದು ಕೊನೆಯ ಬಣ್ಣ ಉಳಿದಿರುತ್ತದೆ. ಲ್ಯಾಂಬ್ಡಾದ ಆರ್ಗ್ಯುಮೆಂಟ್ ಪಟ್ಟಿಯಲ್ಲೇ ಮೌಲ್ಯದ ನಂತರ ‘ಹೆಸರು=ಹೆಸರು’ ಎಂದು ಸೇರಿಸಿದರೆ ಆಯಾ ಹೊತ್ತಿನ ಬೆಲೆ ಗಂಟಾಗಿ ಉಳಿಯುತ್ತದೆ.

ಟಿಟಿಕೆ ಸ್ಕೇಲ್ ಪೂರ್ಣಾಂಕ ಕೊಡುವುದಿಲ್ಲ. ಅದಕ್ಕೆ ‘ರೆಸಲ್ಯೂಷನ್’ ಆಯ್ಕೆಯೂ ಇಲ್ಲ, ಅದು ಹಳೆಯ ಟಿಕೆ ಸ್ಕೇಲ್‌ಗೆ ಮಾತ್ರ. ಕಮಾಂಡ್‌ಗೆ ಬಂದು ಸೇರುವುದು ‘127.35’ರಂಥ ದಶಮಾಂಶ, ಅದೂ ಸ್ಟ್ರಿಂಗ್ ರೂಪದಲ್ಲಿ. ನೇರ ‘ಇಂಟ್’ ಮಾಡಿದರೆ ದೋಷ. ಮೊದಲು ‘ಫ್ಲೋಟ್’, ಆಮೇಲೆ ‘ರೌಂಡ್’. ಅಂಕಿ ಲೇಬಲನ್ನು ಸ್ಲೈಡರ್‌ನ ವೇರಿಯಬಲ್‌ಗೇ ಕಟ್ಟಿ ಜಾಣತನ ತೋರಿಸಲು ಹೋದರೆ ಲೇಬಲ್‌ನಲ್ಲಿ ದಶಮಾಂಶದ ನಂತರ ಉದ್ದನೆಯ ಬಾಲ ಕಾಣುತ್ತದೆ. ಲೇಬಲ್‌ಗೆ ಬರೆಯುವುದು ‘ತೋರಿಸು’ವಿನ ಕೆಲಸ, ಅದು ಡಿಕ್ಷನರಿಯ ಪೂರ್ಣಾಂಕ ನೋಡಿ ಬರೆಯಲಿ.

‘ತೋರಿಸು’ ಸ್ಲೈಡರನ್ನೂ ಸರಿಸಬೇಕಲ್ಲ, ಅಲ್ಲೊಂದು ಹೊಂಡ. ಸ್ಕೇಲ್‌ನ ‘ಸೆಟ್’ ಕರೆದರೆ ಅದು ತನ್ನ ಕಮಾಂಡನ್ನೂ ಕರೆಯುತ್ತದೆ. ಕಮಾಂಡ್ ‘ಬದಲಿಸು’ವನ್ನು, ಅದು ‘ತೋರಿಸು’ವನ್ನು, ಅದು ಮತ್ತೆ ಸೆಟ್ಟನ್ನು. ಬಾವಿಯೊಳಗೆ ಬಾವಿ. ತಪ್ಪಿಸಲು ಪ್ರತಿ ಸ್ಲೈಡರ್‌ಗೆ ಒಂದು ‘ಡಬಲ್‌ವಾರ್’ (ದಶಮಾಂಶ ಮೌಲ್ಯ ಇಟ್ಟುಕೊಳ್ಳುವ ಟಿಕಿಂಟರ್ ವೇರಿಯಬಲ್) ಕಟ್ಟಿ, ‘ತೋರಿಸು’ ಆ ವೇರಿಯಬಲ್ ಮೇಲೆ ಸೆಟ್ ಮಾಡಲಿ. ವೇರಿಯಬಲ್ ಮೂಲಕ ಸರಿದ ಸ್ಲೈಡರ್ ಕಮಾಂಡ್ ಕರೆಯುವುದಿಲ್ಲ.

ಬರೆಯುವ ಪೆಟ್ಟಿಗೆ

ಸ್ಲೈಡರ್ ತಪ್ಪು ಮೌಲ್ಯ ಕೊಡಲಾರದು. ಪೆಟ್ಟಿಗೆ ಏನನ್ನಾದರೂ ಕೊಡಬಲ್ಲದು. ಅದಕ್ಕೇ ಎರಡು ಹಂತದ ಕಾವಲು.

ಮೊದಲನೆಯದು ಕೀ ಒತ್ತುವಾಗ. ಎಂಟ್ರಿಯ ‘ವ್ಯಾಲಿಡೇಟ್’ ಆಯ್ಕೆಗೆ ‘ಕೀ’ ಎಂದು ಕೊಟ್ಟು, ‘ವ್ಯಾಲಿಡೇಟ್‌ಕಮಾಂಡ್’ಗೆ ‘ರೂಟ್.ರಿಜಿಸ್ಟರ್’ ಮಾಡಿದ ಫಂಕ್ಷನನ್ನೂ ಶೇಕಡಾ ಚಿಹ್ನೆಯೊಡನೆ ದೊಡ್ಡಕ್ಷರದ ‘ಪಿ’ಯನ್ನೂ ಕೊಡಿ. ಆ ಪಿ ಎಂದರೆ ಈ ಕೀ ಒಪ್ಪಿದರೆ ಪೆಟ್ಟಿಗೆ ಹೇಗಾಗುತ್ತದೋ ಆ ಪೂರ್ತಿ ಪಠ್ಯ. ಏಳಕ್ಕಿಂತ ಹೆಚ್ಚು ಅಕ್ಷರ ಬೇಡ, ಮೊದಲಿಗೆ ಹ್ಯಾಷ್ ಇರಬಹುದು, ಮಿಕ್ಕವು ಹದಿನಾರರ ಮಾನದ ಅಂಕಿಗಳು. ಖಾಲಿ ಪಠ್ಯವನ್ನೂ ಬರೀ ಹ್ಯಾಷನ್ನೂ ಒಪ್ಪಲೇಬೇಕು. ಒಪ್ಪದಿದ್ದರೆ ಬಳಕೆದಾರ ಎಲ್ಲ ಅಳಿಸಿ ಹೊಸದಾಗಿ ಬರೆಯಲಾರದೆ ಬ್ಯಾಕ್‌ಸ್ಪೇಸ್ ಕುಟ್ಟುತ್ತಾ ಕೂರುತ್ತಾನೆ. ಫಂಕ್ಷನ್ ಎಲ್ಲ ದಾರಿಯಲ್ಲೂ ‘ಟ್ರೂ’ ಅಥವಾ ‘ಫಾಲ್ಸ್’ ಹಿಂತಿರುಗಿಸಬೇಕು. ಒಂದು ದಾರಿಯಲ್ಲಿ ರಿಟರ್ನ್ ಮರೆತರೂ ಟಿಕೆ ಸದ್ದಿಲ್ಲದೆ ಪರಿಶೀಲನೆಯನ್ನೇ ಆರಿಸಿಬಿಡುತ್ತದೆ: ಮೊದಲ ಕೀಗೆ ಕಾವಲಿತ್ತು, ಎರಡನೆಯದಕ್ಕಿಲ್ಲ.

ಎರಡನೆಯ ಕಾವಲು ಎಂಟರ್ ಒತ್ತಿದಾಗ ಮತ್ತು ಪೆಟ್ಟಿಗೆಯಿಂದ ಹೊರಬಿದ್ದಾಗ. ‘ಬೈಂಡ್’ ಮೂಲಕ ರಿಟರ್ನ್ ಕೀಯನ್ನೂ ‘ಫೋಕಸ್‌ಔಟ್’ ಅನ್ನೂ ಒಂದೇ ಫಂಕ್ಷನ್‌ಗೆ ಕಟ್ಟಿ. ಬೈಂಡ್ ಕರೆಯುವ ಫಂಕ್ಷನ್‌ಗೆ ‘ಇವೆಂಟ್’ ಎಂಬ ಆರ್ಗ್ಯುಮೆಂಟ್ ಬರುತ್ತದೆ, ಬಟನ್‌ನ ಕಮಾಂಡ್‌ಗೆ ಬರುವುದಿಲ್ಲ; ಎರಡಕ್ಕೂ ಒಂದೇ ಫಂಕ್ಷನ್ ಬಳಸುವುದಾದರೆ ‘ಇವೆಂಟ್=ನನ್’ ಎಂದು ಬರೆದುಕೊಳ್ಳಿ. ಫಂಕ್ಷನ್ ಹ್ಯಾಷ್ ತೆಗೆದು ಸರಿಯಾಗಿ ಆರು ಅಂಕಿ ಉಳಿದಿವೆಯೇ ನೋಡಲಿ. ಉಳಿದಿದ್ದರೆ ಎರಡೆರಡಾಗಿ ಕತ್ತರಿಸಿ ‘ಇಂಟ್’ಗೆ 16ರ ಮಾನದಲ್ಲಿ ಕೊಟ್ಟು ‘ಬದಲಿಸು’ವನ್ನು ಕರೆಯಲಿ. ಇಲ್ಲವಾದರೆ ಬರೀ ‘ತೋರಿಸು’ ಕರೆಯಲಿ. ಡಿಕ್ಷನರಿಯಲ್ಲಿರುವ ಹಳೆಯ ಕೋಡ್ ಪೆಟ್ಟಿಗೆಗೆ ಮರಳುತ್ತದೆ. ಸಂದೇಶದ ಡಬ್ಬಿ ತೆರೆದು ಬೈಯಬೇಕಾಗಿಲ್ಲ.

ಕಾವಲನ್ನು ಇಂಟ್‌ಗೆ ಮಾತ್ರ ವಹಿಸಿ ಕೂರುವಂತಿಲ್ಲ, ಅದು ವಿಪರೀತ ಉದಾರಿ. ಪ್ಲಸ್, ಮೈನಸ್, ಅಕ್ಕಪಕ್ಕದ ಖಾಲಿ ಜಾಗ ಎಲ್ಲವನ್ನೂ ನುಂಗುತ್ತದೆ. ಇನ್ನೊಂದು ಸೊಗಸು: ಕನ್ನಡ ಅಂಕಿಗಳನ್ನೂ ಒಪ್ಪುತ್ತದೆ. ಕೀಲಿಮಣೆ ಕನ್ನಡದಲ್ಲೇ ಉಳಿದು ಯಾರಾದರೂ #೩೩೬೬೯೯ ಎಂದು ಬರೆದರೆ ಇಂಟ್‌ಗೆ ಅದು 51, 102, 153 ಎಂದೇ ಅರ್ಥವಾಗುತ್ತದೆ. ಟಿಕೆಗೆ ಅರ್ಥವಾಗುವುದಿಲ್ಲ, ಅದೇ ಪಠ್ಯವನ್ನು ನೇರ ಪಟ್ಟಿಯ ಹಿನ್ನೆಲೆಗೆ ಕೊಟ್ಟಿದ್ದರೆ ದೋಷ ಬರುತ್ತಿತ್ತು. ನಮ್ಮಲ್ಲಿ ಬರೆದ ಪಠ್ಯ ಪರದೆಗೆ ಹೋಗುವುದೇ ಇಲ್ಲ. ಅದು ಮೂರು ಪೂರ್ಣಾಂಕವಾಗಿ ಡಿಕ್ಷನರಿ ಸೇರುತ್ತದೆ, ‘ತೋರಿಸು’ ಅಲ್ಲಿಂದ #336699 ಎಂದು ಹೊಸದಾಗಿ ಬರೆಯುತ್ತದೆ. ಮೊದಲ ಕಾವಲಿನಲ್ಲಿ ಕನ್ನಡ ಅಂಕಿ ಬಿಡಬೇಕಾದರೆ ‘ಈಸ್‌ಡೆಸಿಮಲ್’ ಪರೀಕ್ಷೆ ಸೇರಿಸಿದರಾಯಿತು.

ನಕಲಿಸು ಬಟನ್, ಮತ್ತು ಕಾಯುವ ಕೆಲಸ

ಬಟನ್‌ನ ಫಂಕ್ಷನ್ ಮೂರು ಸಾಲು: ‘ಕ್ಲಿಪ್‌ಬೋರ್ಡ್_ಕ್ಲಿಯರ್’, ‘ಕ್ಲಿಪ್‌ಬೋರ್ಡ್_ಅಪೆಂಡ್’, ಆಮೇಲೆ ಬಟನ್‌ನ ಪಠ್ಯ ‘ನಕಲಾಯಿತು’. ಮೊದಲನೆಯದನ್ನು ಬಿಟ್ಟರೆ ಎರಡನೆಯ ಸಲ ಒತ್ತಿದಾಗ ಎರಡು ಕೋಡ್ ಅಂಟಿಕೊಂಡು ಬರಬಹುದು. ಲಿನಕ್ಸ್‌ನ ಎಕ್ಸ್11 ಎಂಬ ಪರದೆ ವ್ಯವಸ್ಥೆಯಲ್ಲಿ ಕ್ಲಿಪ್‌ಬೋರ್ಡ್ ಮಾಲೀಕ ನಿಮ್ಮ ಪ್ರೋಗ್ರಾಮೇ. ವಿಂಡೋ ಮುಚ್ಚಿದ ಮೇಲೆ ಅಂಟಿಸಲು ಹೋದರೆ ಏನೂ ಸಿಗದಿರಬಹುದು. ಅದು ನಿಮ್ಮ ತಪ್ಪಲ್ಲ.

ಒಂದೂವರೆ ಸೆಕೆಂಡ್ ಬಿಟ್ಟು ಬಟನ್ ಮತ್ತೆ ‘ನಕಲಿಸು’ ಆಗಬೇಕು. ಇದಕ್ಕೆ ‘ಸ್ಲೀಪ್’ ಬಳಸಿದರೆ ಮೇನ್‌ಲೂಪ್ ಅಷ್ಟು ಹೊತ್ತು ನಿಂತೇಬಿಡುತ್ತದೆ, ‘ನಕಲಾಯಿತು’ ಎಂಬುದು ಪರದೆಗೆ ಬರುವುದೂ ಇಲ್ಲ. ಬಳಸಬೇಕಾದದ್ದು ‘ರೂಟ್.ಆಫ್ಟರ್’: 1500 ಮಿಲಿಸೆಕೆಂಡ್, ಆಮೇಲೆ ಕರೆಯಬೇಕಾದ ಫಂಕ್ಷನ್‌ನ ಹೆಸರು, ಇಲ್ಲೂ ಕಂಸವಿಲ್ಲದೆ. ನಿಜಕ್ಕೂ ಹೊತ್ತು ಹಿಡಿಯುವ ಕೆಲಸವಿದ್ದರೆ, ಉದಾಹರಣೆಗೆ ದೊಡ್ಡ ಫೈಲ್ ಓದುವುದು, ಅದನ್ನು ಬೇರೆ ಥ್ರೆಡ್‌ಗೆ (ಪ್ರೋಗ್ರಾಮ್‌ನಲ್ಲಿ ಪಕ್ಕದಲ್ಲೇ ಓಡುವ ಇನ್ನೊಂದು ಎಳೆಗೆ) ಕಳಿಸಿ. ಆ ಥ್ರೆಡ್ ಕಂಟ್ರೋಲ್‌ಗಳನ್ನು ಮುಟ್ಟಕೂಡದು. ಫಲವನ್ನು ‘ಕ್ಯೂ’ ಎಂಬ ಸರದಿ ಸಾಲಿನಲ್ಲಿ ಇಡಲಿ, ಮುಖ್ಯ ಥ್ರೆಡ್ 100 ಮಿಲಿಸೆಕೆಂಡ್‌ಗೊಮ್ಮೆ ಆಫ್ಟರ್ ಮೂಲಕ ಇಣುಕಿ ನೋಡಲಿ.

ಬೇರೆಯವರ ಕೈಗೆ ಕೊಡುವ ಮುಂಚೆ

ವಿಂಡೋಸ್‌ನ ಹೆಚ್ಚು ಸಾಂದ್ರತೆಯ ಪರದೆಗಳಲ್ಲಿ ಅಕ್ಷರ ಮಬ್ಬಾಗಿ ಕಂಡರೆ ರೂಟ್ ಮಾಡುವ ಮುಂಚೆ ‘ಸಿಟೈಪ್ಸ್’ ಮೂಲಕ ‘ವಿನ್‌ಡಿಎಲ್‌ಎಲ್.ಎಸ್ಎಚ್‌ಕೋರ್’ನ ‘ಸೆಟ್‌ಪ್ರಾಸೆಸ್‌ಡಿಪಿಐಅವೇರ್‌ನೆಸ್’ಗೆ 1 ಕೊಟ್ಟು ಕರೆಯಿರಿ. ಬೇರೆ ವ್ಯವಸ್ಥೆಗಳಲ್ಲಿ ಈ ಸಾಲು ಇಲ್ಲದ್ದನ್ನು ಹುಡುಕಿ ಬೀಳುತ್ತದೆ, ಆದ್ದರಿಂದ ‘ಟ್ರೈ’ಯೊಳಗಿಡಿ.

ಎಲ್ಲ ಜೋಡಿಸಿದ ಮೇಲೆ ‘ಅಪ್‌ಡೇಟ್_ಐಡಲ್‌ಟಾಸ್ಕ್ಸ್’ ಕರೆದು, ವಿಂಡೋ ಕೇಳುವ ಅಗಲ ಎತ್ತರವನ್ನೇ ‘ಮಿನ್‌ಸೈಜ್’ಗೆ ಕೊಡಿ, ಯಾರೂ ಅದನ್ನು ಬಟನ್ ಮಾಯವಾಗುವಷ್ಟು ಕುಗ್ಗಿಸಲಾರರು. ಟ್ಯಾಬ್ ಒತ್ತುತ್ತಾ ಒಂದು ಸುತ್ತು ಹೋಗಿ. ಟ್ಯಾಬ್ ಹೋಗುವುದು ನೀವು ಸೃಷ್ಟಿಸಿದ ಕ್ರಮದಲ್ಲಿ, ಗ್ರಿಡ್‌ನಲ್ಲಿ ಕೂತ ಕ್ರಮದಲ್ಲಲ್ಲ.

ಲೇಬಲ್‌ಗಳು ಕನ್ನಡದಲ್ಲಿದ್ದರೆ ವಿಂಡೋಸ್, ಮ್ಯಾಕ್‌ಗಳಲ್ಲಿ ಸರಿಯಾಗಿ ಕಾಣುತ್ತವೆ. ಲಿನಕ್ಸ್‌ನ ಟಿಕೆ 8.6ರಲ್ಲಿ ಒತ್ತಕ್ಷರ ಒಡೆಯುತ್ತದೆ: ‘ಬಣ್ಣ’ದ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಫಾಂಟ್ ಬದಲಿಸಿ ಫಲವಿಲ್ಲ. ಅಕ್ಷರ ಜೋಡಿಸುವ ಯಂತ್ರವೇ ಅದರೊಳಗಿಲ್ಲ. ಅಲ್ಲಿ ಕನ್ನಡ ಮುಖ್ಯವಾದರೆ ಕ್ಯೂಟಿ ಅಥವಾ ಜಿಟಿಕೆಗೆ ಹೋಗುವುದೇ ಸರಿ. ಪರದೆ ಓದುವ ತಂತ್ರಾಂಶ ಬಳಸುವವರಿಗೂ ಟಿಕೆ 8.6 ಒಗ್ಗುವುದಿಲ್ಲ, ಕಂಟ್ರೋಲ್‌ಗಳ ಹೆಸರನ್ನು ಅದು ಹೊರಗೆ ತಿಳಿಸುವುದಿಲ್ಲ.

ಪೈಥಾನ್ ಇಲ್ಲದವರೂ ಓಡಿಸಬಲ್ಲ ಒಂದೇ ಫೈಲಾಗಿ ಕಟ್ಟಲು ಪೈಇನ್‌ಸ್ಟಾಲರ್ ಎಂಬ ಪರಿಕರದ ‘ಒನ್‌ಫೈಲ್’, ‘ವಿಂಡೋಡ್’ ಆಯ್ಕೆಗಳಿವೆ. ಇಲ್ಲೊಂದು ಎಚ್ಚರ. ಕಮಾಂಡ್ ಫಂಕ್ಷನ್‌ನೊಳಗೆ ದೋಷ ಬಂದರೆ ಟಿಕಿಂಟರ್ ಪ್ರೋಗ್ರಾಮ್ ನಿಲ್ಲಿಸುವುದಿಲ್ಲ, ಟರ್ಮಿನಲ್‌ನಲ್ಲಿ ದೋಷದ ವಿವರ ಚೆಲ್ಲಿ ಮುಂದುವರಿಯುತ್ತದೆ. ಟರ್ಮಿನಲ್ಲೇ ಇಲ್ಲದ ವಿಂಡೋಡ್ ಕಟ್ಟಿನಲ್ಲಿ ಆ ದೋಷ ಯಾರ ಕಣ್ಣಿಗೂ ಬೀಳದು. ಬಳಕೆದಾರನಿಗೆ ಗೊತ್ತಾಗುವುದು ‘ಒತ್ತಿದರೆ ಏನೂ ಆಗಲ್ಲ’ ಎಂಬುದಷ್ಟೇ. ರೂಟ್‌ನ ‘ರಿಪೋರ್ಟ್_ಕಾಲ್‌ಬ್ಯಾಕ್_ಎಕ್ಸೆಪ್ಷನ್’ಗೆ ನಿಮ್ಮದೇ ಫಂಕ್ಷನ್ ಕಟ್ಟಿ, ದೋಷದ ವಿವರವನ್ನು ಸಂದೇಶದ ಡಬ್ಬಿಯಲ್ಲಿ ತೋರಿಸಿ, ಒಂದು ಫೈಲಿಗೂ ಬರೆಯಿರಿ. ಕಟ್ಟುವ ಮುಂಚೆ ಬೇಕೆಂದೇ ಒಂದು ತಪ್ಪು ಮಾಡಿ ಆ ಡಬ್ಬಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.